ಕಾಫಿ ಗೋಡೌನಿನಲ್ಲಿ ರಾಜದರ್ಬಾರು

ನಾಟಕದ ಥಿಯೇಟರಿನ ಬಾಗಿಲಲ್ಲಿ ಟಿಕೆಟ್ಟು ಹರಿಯುತ್ತ ಏಳು ವರ್ಷ ನಿಂತವನು ನಾನು. ಒಳಗೆ ನಡೆದ ನಾಟಕಗಳಲ್ಲಿ ಒಂದನ್ನೂ ಪೂರ್ತಿ ನೋಡಿದ್ದಿಲ್ಲ. ಆದರೆ ನಾಟಕದಲ್ಲಿ ಬರೆಯದೇ ಇದ್ದದ್ದು ಅಲ್ಲಿ ದಿನಕ್ಕೊಂದಾದರೂ ನಡೆಯುತ್ತಿತ್ತು, ಅದನ್ನು ಮಾತ್ರ ಒಂದೂ ತಪ್ಪಿಸಿಕೊಂಡಿಲ್ಲ.

ಬಿಳಿ ದೊರೆಗಳು ಇನ್ನೂ ಕುದುರೆಯ ಮೇಲೆ ತೋಟ ಸುತ್ತುತ್ತಿದ್ದ ಕಾಲ ಅದು. ಸುತ್ತಲಿನ ತೋಟದವರಿಗೆಲ್ಲ ಚಿಕ್ಕಮಗಳೂರು ಪೇಟೆಯೇ ಮಹಾನಗರ. ಗ್ಯಾಸ್‌ಲೈಟು, ಸೋಡಾ, ಸಾರಾಯಿ ಅಂಗಡಿ, ದೊರೆಗಳ ಕ್ಲಬ್ಬು, ಏನು ಬೇಕಾದರೂ ಇಲ್ಲಿಗೇ ಬರಬೇಕು. ನಮ್ಮ ಥಿಯೇಟರು ಅಂದರೆ ತಗಡಿನ ಮಾಡಿನ ಒಂದು ಹಳೇ ಕಾಫಿ ಗೋಡೌನು. ಅದಕ್ಕೆ ಅಣ್ಣ ತಮ್ಮ ಇಬ್ಬರು ಯಜಮಾನರು. ದೊಡ್ಡ ಸಾಹೇಬರು ಕಾಫಿ ವ್ಯಾಪಾರಿ. ಚಿಕ್ಕ ಸಾಹೇಬರಿಗೆ ನಾಟಕವೆಂದರೆ ಪ್ರಾಣ. ತೊಂದರೆ ಏನೆಂದರೆ, ದಾರಿ ಒಣಗಿ ನಾಟಕ ಕಂಪನಿಗಳು ಈ ಕಡೆ ಬರುವ ತಿಂಗಳುಗಳಲ್ಲೇ ಪಾರ್ಚ್‌ಮೆಂಟ್, ಅಂದರೆ ತೊಳೆದು ಒಣಗಿಸಿದ ಕಾಫಿ ಬೀಜದ ಮೂಟೆಗಳೂ ತೋಟದಿಂದ ಪೇಟೆಗೆ ಬರುತ್ತವೆ. ಗೋಡೌನು ಒಂದೇ.

ಒಂದು ವರ್ಷ ದೊಡ್ಡ ಸಾಹೇಬರು ಖಡಾಖಂಡಿತವಾಗಿ ಹೇಳಿಬಿಟ್ಟರು. "ನೋಡು ತಮ್ಮಾ, ಬೆಂಚು ಅರ್ಧಕ್ಕಿಂತ ಖಾಲಿ ಇದ್ದ ದಿನ ನಾಟಕ ಬಂದ್. ಮೂಟೆ ಒಳಗೆ, ನಿನ್ನ ರಾಜರೆಲ್ಲ ಹೊರಗೆ."

ಹೇಳಿ ಸುಮ್ಮನಾಗಲಿಲ್ಲ. ಮೂಟೆ ಹೇರಿದ ಎತ್ತಿನಗಾಡಿಗಳನ್ನು ದಿನವೂ ಥಿಯೇಟರಿನ ಎದುರೇ ತಂದು ನಿಲ್ಲಿಸತೊಡಗಿದರು. ಚಿಕ್ಕ ಸಾಹೇಬರು ಅನ್ನ ಬಿಟ್ಟರು. ಆಗ ನಮ್ಮಲ್ಲಿ ಬೀಡುಬಿಟ್ಟಿದ್ದ ಕಂಪನಿಯ ಇಪ್ಪತ್ತು ಜನಕ್ಕೆ ಆ ಸೀಸನ್ನಿನಲ್ಲಿ ಬೇರೆ ಊರಿನ ಆಸರೆ ಇರಲಿಲ್ಲ. ಚಿಕ್ಕ ಸಾಹೇಬರ ಮುಖ ನನ್ನಿಂದ ನೋಡಲಾಗುತ್ತಿರಲಿಲ್ಲ. ಹಾಗಾಗಿ ಆ ವರ್ಷ ಬೆಂಚು ತುಂಬಿಸಲು ನಾವು ಮಾಡದ ಕಸರತ್ತಿಲ್ಲ.

೧. ಹಿಂದಿನ ಸಾಲಿನ ಸಭ್ಯರು

ಒಂದು ಸಂಜೆ ಜನವೇ ಇಲ್ಲ. ದೊಡ್ಡ ಸಾಹೇಬರು ಇಣುಕಿ ನೋಡಲು ಬರುವ ಹೊತ್ತಾಗಿತ್ತು. ಚಿಕ್ಕ ಸಾಹೇಬರು ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು. ಅಲ್ಲಿ ಕಾಫಿ ಹೊಟ್ಟು ತುಂಬಿದ ಮೂಟೆಗಳು ಬಿದ್ದಿದ್ದವು. ಅವನ್ನು ಹೊತ್ತು ತಂದು ಹಿಂದಿನ ಬೆಂಚುಗಳ ಮೇಲೆ ಸಾಲಾಗಿ ಕೂರಿಸಿ, ಕಂಬಳಿ ಹೊದೆಸಿ, ಕಂಪನಿಯ ಪೆಟ್ಟಿಗೆಯಿಂದ ತೆಗೆದ ಮುಂಡಾಸು ಸುತ್ತಿದೆವು. ಮೂಟೆ ಒಳಗೆ ಬರಬಾರದೆಂದು ಮೂಟೆಗಳನ್ನೇ ತಂದು ಕೂರಿಸಿದ ಹಾಗಾಯಿತು.

ದೊಡ್ಡ ಸಾಹೇಬರು ಬಂದರು. ಬಾಗಿಲ ಸಂದಿಯಿಂದ ಬಹಳ ಹೊತ್ತು ನೋಡಿದರು.

"ಹಿಂದುಗಡೆ ಕೂತಿರೋರು ಯಾವ ಕಡೆಯವರೋ?"

"ಬಾಬಾಬುಡನ್‌ಗಿರಿ ಕಡೆಯೋರು ಸಾಹೇಬ್ರೆ," ಅಂದೆ, ಬಾಯಿಗೆ ಬಂದದ್ದು.

"ಒಳ್ಳೇ ಜನ ಕಣೋ. ಬೀಡಿ ಇಲ್ಲ, ಕೆಮ್ಮಿಲ್ಲ, ಎದ್ದು ಓಡಾಡೋದಿಲ್ಲ. ಇಂಥೋರು ದಿನಾ ಬರ್ಲಿ," ಎಂದು ಗಾಡಿಗಳನ್ನು ವಾಪಸು ಹೊಡೆಸಿದರು.

ನಾಟಕ ಮುಗಿದ ಮೇಲೆ ಕಂಪನಿಯ ಹಾಸ್ಯಗಾರ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಹತ್ತಿರ ಬಂದ. "ಇಪ್ಪತ್ತು ವರ್ಷದಿಂದ ಜನರನ್ನ ನಗಿಸ್ತಾ ಇದೀನಿ. ಇವತ್ತು ಆ ಹಿಂದಿನ ಸಾಲು ಒಂದೇ ಒಂದು ಸಲಾನೂ ಹಲ್ಲು ಬಿಡ್ಲಿಲ್ಲವಲ್ಲ ಮಾರಾಯ. ಅವ್ರಿಗೆ ನಾನು ಏನು ಅನ್ಯಾಯ ಮಾಡಿದ್ದೆ?"

೨. ಅರಮನೆ ಬಿಡದ ಯಜಮಾನರು

ನಮ್ಮಲ್ಲಿ ಇದ್ದದ್ದು ಬೆಂಚು ಮಾತ್ರ. ತೋಟದ ಯಜಮಾನರು ಬೆಂಚಿನ ಮೇಲೆ ಕೂರುತ್ತಾರೆಯೇ? ಅವರ ಕುರ್ಚಿ ಮೊದಲೇ ಗಾಡಿಯಲ್ಲಿ ಬರುತ್ತಿತ್ತು, ಜೊತೆಗೆ ಆಳುಗಳ ಮೇಲಿನ ಮೇಸ್ತ್ರಿ. ಯಾರ ಕುರ್ಚಿ ಮುಂದೆಯೋ ಅವರೇ ದೊಡ್ಡವರು.

ಒಂದು ದಿನ ಬಂದವು ಎರಡು ಕುರ್ಚಿ. ಅವುಗಳ ಯಜಮಾನರ ತೋಟಗಳಿಗೆ ಒಂದೇ ಬೇಲಿ, ಇಬ್ಬರಿಗೂ ಮಾತಿಲ್ಲ. ಒಬ್ಬ ಮೇಸ್ತ್ರಿ ತನ್ನ ಯಜಮಾನರ ಕುರ್ಚಿಯನ್ನು ಮೊದಲ ಬೆಂಚಿನ ಮುಂದಿಟ್ಟ. ಇನ್ನೊಬ್ಬ ತನ್ನದನ್ನು ಅದಕ್ಕಿಂತ ಒಂದು ಗೇಣು ಮುಂದಿಟ್ಟ. ಮೊದಲಿನವನು ಕೆಮ್ಮಿ, ತನ್ನದನ್ನು ಎರಡು ಗೇಣು ಮುಂದೆ ತಳ್ಳಿದ. ಹೀಗೇ ಇಬ್ಬರೂ ತಳ್ಳುತ್ತ ಬಂದದ್ದಕ್ಕೆ ಹಾರ್ಮೋನಿಯಂನವನು ಜಾಗ ಬಿಟ್ಟು ಎದ್ದ, ತಬಲದವನೂ ಎದ್ದ. ಕೊನೆಗೆ ಎರಡೂ ಕುರ್ಚಿ ಸ್ಟೇಜು ಹತ್ತಿದವು. ಯಜಮಾನರಿಬ್ಬರೂ ಬಂದು, ಒಬ್ಬರ ಮುಖ ಒಬ್ಬರು ನೋಡದೆ, ಗಂಭೀರವಾಗಿ ಕೂತರು. ಇಳಿಯಿರಿ ಎನ್ನುವ ಧೈರ್ಯ ಯಾರಿಗಿದೆ?

ಪರದೆ ಎದ್ದಿತು. ಕಂಪನಿಯ ರಾಜಪಾರ್ಟಿನ ನಟ, ಅಂದರೆ ರಾಜರ ಪಾತ್ರಕ್ಕೇ ಮೀಸಲಾದ ಮುಖ್ಯ ನಟ, ದರ್ಬಾರಿಗೆ ಬಂದು ನೋಡುತ್ತಾನೆ, ಕೋಟು ರುಮಾಲಿನ ಇಬ್ಬರು ಕೂತಿದ್ದಾರೆ. ಆಸಾಮಿ ಚುರುಕು. ಕೈಮುಗಿದು, "ಸಾಮಂತರಾಜರು ಮುಂಚಿತವಾಗಿಯೇ ದಯಮಾಡಿಸಿದ್ದೀರಿ, ಬಹಳ ಸಂತೋಷ!" ಎಂದ. ಇಬ್ಬರೂ ಒಟ್ಟಿಗೇ ತಲೆಯಾಡಿಸಿದರು.

ಮೂರನೇ ಅಂಕದಲ್ಲಿ ವೈರಿ ಸೈನ್ಯ ಕತ್ತಿ ಹಿರಿದು ನುಗ್ಗಿದಾಗ ಒಬ್ಬರು ಗಾಬರಿಯಾಗಿ ಕೆಳಕ್ಕೆ ಹಾರಿದರು. ಇನ್ನೊಬ್ಬರು ಕದಲಲಿಲ್ಲ. ಆಮೇಲೆ ಎಷ್ಟೋ ವರ್ಷ, ಯಾವ ಮದುವೆ ಮನೆಗೆ ಹೋದರೂ ಅವರದ್ದು ಒಂದೇ ಮಾತು. "ಅವನು ಹೆದರಿ ಓಡಿದ. ನಾನು ರಾಜನ ಕೈ ಬಿಡ್ಲಿಲ್ಲ."

೩. ಸೋಡಾ ಕೇಳಿದ ಕೃಷ್ಣ

ಇದೇ ರಾಜಪಾರ್ಟಿನವನು ಒಂದು ಸಂಜೆ ಕೃಷ್ಣನ ವೇಷ ಹಾಕಿ ಕೂತಿದ್ದ. ಗಂಟಲು ಕಟ್ಟಿತ್ತು. ಒಂದು ಸೋಡಾ ಕುಡಿದು ಬಂದುಬಿಡುತ್ತೇನೆ ಎಂದು ನವಿಲುಗರಿ, ಕೊಳಲು, ನೀಲಿ ಬಣ್ಣದ ಸಮೇತ ರಸ್ತೆ ದಾಟಿದ. ಸೋಡಾ ಸಿಗುತ್ತಿದ್ದದ್ದು ಎದುರಿನ ಸಾರಾಯಿ ಅಂಗಡಿಯಲ್ಲಿ.

ಇವನು ಬಾಗಿಲಲ್ಲಿ ನಿಂತದ್ದೇ ತಡ, ಒಳಗೆ ಗಲಾಟೆ ಮಾಡುತ್ತಿದ್ದವರೆಲ್ಲ ತಣ್ಣಗಾದರು. ಕೈಲಿದ್ದ ಗ್ಲಾಸು ಬೆಂಚಿನ ಕೆಳಗೆ ಹೋಯಿತು. ಒಬ್ಬ ಮೆಟ್ಟು ಬಿಚ್ಚಿಟ್ಟು ಉದ್ದಂಡ ನಮಸ್ಕಾರ ಮಾಡಿದ. ಇನ್ನೊಬ್ಬ, "ಇವತ್ತೇ ಕೊನೆ ಸ್ವಾಮಿ, ಇನ್ನು ಮುಟ್ಟೋದಿಲ್ಲ," ಎಂದು ಕೆನ್ನೆ ಕೆನ್ನೆ ಬಡಿದುಕೊಂಡ. ಅಂಗಡಿಯವನು ಕೈಕಾಲು ಆಡದೆ ಕರ್ಪೂರ ಹುಡುಕತೊಡಗಿದ.

ಕೃಷ್ಣ ಸೋಡಾ ಕುಡಿದು ತಿರುಗಿದರೆ, ಅಷ್ಟೂ ಜನ ಹಿಂದೆಯೇ ಕೈಮುಗಿದುಕೊಂಡು ಬಂದರು. ನನ್ನ ಗೇಟಿನಲ್ಲಿ ನೂಕುನುಗ್ಗಲು. ಬೆಂಚು ಭರ್ತಿಯಾಯಿತು. ಚಿಕ್ಕ ಸಾಹೇಬರು ಅನ್ನ ಉಂಡರು. ಮಾರನೇ ದಿನದಿಂದ ಏನೇ ನಾಟಕವಿರಲಿ, ಅವರು ಸಂಜೆ ಕೃಷ್ಣನ ವೇಷ ಹಾಕಿಸಿ ಸೋಡಾಕ್ಕೆ ಕಳಿಸತೊಡಗಿದರು.

ನಾಲ್ಕನೇ ದಿನ ಅಂಗಡಿಯವನು ಅಳುಮುಖ ಮಾಡಿಕೊಂಡು ಬಂದ. "ಸಾಹೇಬ್ರೆ, ನಿಮ್ಮ ದಮ್ಮಯ್ಯ. ಸೋಡಾ ನಾನೇ ತಂದುಕೊಡ್ತೀನಿ. ಯಾರನ್ನಾದ್ರೂ ಕಳಿಸಲೇಬೇಕು ಅಂದ್ರೆ ಶಕುನಿನ ಕಳಿಸಿ, ಅವನು ನಮ್ಮ ಗಿರಾಕಿಗಳ ಜೊತೆ ಹೊಂದ್ಕೊಂಡು ಹೋಗ್ತಾನೆ."

೪. ಹಾಜರ್

ಕೃಷ್ಣನ ಉಪಾಯ ಎಷ್ಟು ದಿನ ನಡೆದೀತು? ಮತ್ತೆ ಬೆಂಚು ಖಾಲಿಯಾಗುತ್ತ ಬಂತು. ಆಗ ಚಿಕ್ಕ ಸಾಹೇಬರು ಮಲ್ಲಂದೂರು ಕಡೆಯ ಒಂದು ದೊಡ್ಡ ಎಸ್ಟೇಟಿಗೆ ಹೋಗಿ, ಆಳುಗಳ ಹಾಜರಿ ಬರೆಯುವ ರೈಟರ ಕೈಕಾಲು ಹಿಡಿದು ಬಂದರು. ಸಂತೆಯ ದಿನ ಮಧ್ಯಾಹ್ನದ ಆಟಕ್ಕೆ ಎಂಬತ್ತು ಆಳು ಕರೆದುಕೊಂಡು ಬರಲು ರೈಟರು ಒಪ್ಪಿದರು. ಅಷ್ಟಾದರೆ ಬೆಂಚು ಅರ್ಧ ದಾಟುತ್ತದೆ, ಸರಿಯಾಗಿ ಅಷ್ಟೇ.

ಈ ಸುದ್ದಿ ಕೇಳಿ ರಾಜಪಾರ್ಟಿನವನು ಬೆಳಗ್ಗೆಯೇ ನನ್ನನ್ನು ಮೂಲೆಗೆ ಕರೆದ. ಬೆವರುತ್ತಿದ್ದ. ಹ್ಯಾಂಡ್‌ಬಿಲ್ಲಿನಲ್ಲಿ ಅವನು ಹುಬ್ಬಳ್ಳಿ ಕಡೆಯ ಪ್ರಖ್ಯಾತ ನಟ.

"ನಾನು ಹುಬ್ಬಳ್ಳಿ ಕಂಡವನೇ ಅಲ್ಲ. ನನ್ನ ಹೆಸರು ಚೌಡ. ಅದೇ ತೋಟದಲ್ಲಿ ಹತ್ತು ವರ್ಷ ಹಣ್ಣು ಕುಯ್ದವನು. ನಾಲ್ಕು ವರ್ಷದ ಹಿಂದೆ ಕುಯ್ಲಿನ ಮಧ್ಯೆ ಬುಟ್ಟಿ ಬಿಸಾಕಿ ಕಂಪನಿ ಹಿಂದೆ ಓಡಿ ಬಂದೆ. ರೈಟ್ರು ಕಂಡ್ರೆ ಜುಟ್ಟು ಹಿಡಿದು ಎಳ್ಕೊಂಡು ಹೋಗ್ತಾರೆ."

"ಮುಖಕ್ಕೆ ಅರ್ಧ ಇಂಚು ಬಣ್ಣ, ಗಡ್ಡ, ಮೀಸೆ, ಕಿರೀಟ. ನಿನ್ನ ಹೆತ್ತ ತಾಯಿಗೂ ಗುರುತು ಸಿಗೋದಿಲ್ಲ, ಹೋಗು," ಎಂದೆ.

ರೈಟರು ಬಂದರು. ಕನ್ನಡಕ, ಛತ್ರಿ, ಕಂಕುಳಲ್ಲಿ ಹಾಜರಿ ಪುಸ್ತಕ. ಬಾಗಿಲಲ್ಲೇ ಹೇಳಿದರು. "ಎಂಬತ್ತು ಜನ ತಂದಿದೀನಿ. ನಾಲ್ಕು ಗಂಟೆಗೆ ನಮ್ಮಲ್ಲಿ ಮಸ್ಟರು. ಹೆಸರು ಕೂಗ್ತೀನಿ. ಒಬ್ಬ ಕಮ್ಮಿ ಆದ್ರೂ ಎಲ್ರನ್ನೂ ಎಬ್ಬಿಸಿ ಹುಡುಕೋಕೆ ಕರ್ಕೊಂಡು ಹೋಗ್ತೀನಿ. ಆಮೇಲೆ ನನ್ನ ಬೈಬಾರ್ದು."

ನಾಟಕ ಶುರುವಾಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಆಳು ಹೊರಗೆ ಬಂದು, "ಹೆಂಡ್ತಿಗೆ ಬಳೆ ತಗೊಂಡು ಈಗ ಬಂದೆ ಅಣ್ಣಾ," ಎಂದು ಸಂತೆಯ ಕಡೆ ಓಡಿದ. ಬುದ್ಧಿ ಇಲ್ಲದೆ ಬಿಟ್ಟೆ. ಮೂರೂವರೆಯಾಯಿತು, ಮುಕ್ಕಾಲಾಯಿತು, ಪುಣ್ಯಾತ್ಮನ ಸುಳಿವಿಲ್ಲ. ದೊಡ್ಡ ಸಾಹೇಬರು ಬಂದು ನನ್ನ ಪಕ್ಕದಲ್ಲೇ ನಿಂತರು. ಎದುರಿಗೆ ಗಾಡಿಗಳು ತಯಾರಾಗಿದ್ದವು.

ಸರಿಯಾಗಿ ನಾಲ್ಕಕ್ಕೆ ರೈಟರು ಎದ್ದು ಪುಸ್ತಕ ತೆರೆದರು. ಸಿಂಹಾಸನದ ಮೇಲೆ ರಾಜ ಆರ್ಭಟಿಸುತ್ತಿದ್ದ. ಅವರಿಗೆ ಅದರ ಗೊಡವೆಯೇ ಇಲ್ಲ. ಒಂದೊಂದೇ ಹೆಸರು ಕೂಗಿದರು, ಒಬ್ಬೊಬ್ಬರೇ "ಹಾಜರ್" ಎಂದರು. ರಾಜ ಮಾತು ನಿಲ್ಲಿಸಿ ಕಾದ.

"ತಿಮ್ಮ!"

ಉತ್ತರವಿಲ್ಲ. ಬಳೆ ತರಲು ಹೋದವನು ಅವನೇ. "ತಿಮ್ಮಾ!" ರೈಟರು ಕನ್ನಡಕದ ಮೇಲಿಂದ ಒಂದು ಸಲ ನೋಡಿ ಮುಂದಿನ ಹೆಸರಿಗೆ ಹೋದರು. ಚಿಕ್ಕ ಸಾಹೇಬರು ಪರದೆಯ ಪಕ್ಕದಲ್ಲಿ ಕುಸಿದು ಕೂತರು. ದೊಡ್ಡ ಸಾಹೇಬರು ಗಾಡಿಯವರಿಗೆ ಸನ್ನೆ ಮಾಡಲು ಕೈ ಎತ್ತಿದರು.

ಆ ಪುಸ್ತಕದಲ್ಲಿ ಒಂದು ಹೆಸರು ಹೆಚ್ಚಿಗೆ ಇತ್ತು. ಓಡಿಹೋದವನ ಹೆಸರು ಹೊಡೆದುಹಾಕಬೇಕಾದರೆ ದೊರೆಗೆ ಇಂಗ್ಲಿಷಿನಲ್ಲಿ ಕಾರಣ ಬರೆದು ಕೊಡಬೇಕು. ಅದಕ್ಕಿಂತ ದಿನಾ ಕೂಗಿ 'ಗೈರು' ಎಂದು ಬರೆಯುವುದೇ ರೈಟರಿಗೆ ಸುಲಭವಾಗಿತ್ತು. ನಾಲ್ಕು ವರ್ಷದಿಂದ ಹಾಗೇ ಬರೆಯುತ್ತಿದ್ದರು.

"ಚೌಡ!"

"ಹಾಜರ್!"

ಸಿಂಹಾಸನದಿಂದ ಧಡಕ್ಕನೆ ಎದ್ದು ನಿಂತಿದ್ದ ರಾಜ. ಹತ್ತು ವರ್ಷದ ಅಭ್ಯಾಸ, ಬಾಯಿ ಅವನ ಮಾತು ಕೇಳಲಿಲ್ಲ. ಕಿರೀಟ ಒಂದು ಕಿವಿಯ ಮೇಲೆ ಜಾರಿತು.

ರೈಟರು ನಿಧಾನವಾಗಿ ತಲೆಯೆತ್ತಿದರು. ಕನ್ನಡಕ ತೆಗೆದು, ಪಂಚೆಯಂಚಿಗೆ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ನಾಲ್ಕು ವರ್ಷದಿಂದ ದಿನಾ ಕೂಗ್ತಾ ಇದೀನಲ್ಲೋ. ಇವತ್ತು ಕೇಳಿಸ್ತಾ ನಿಂಗೆ?"

"ಕೇಳಿಸ್ತು ರೈಟ್ರೇ," ಎಂದ ರಾಜ, ಕೈಕಟ್ಟಿಕೊಂಡು.

ರೈಟರು ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ ಒಂದು ಗೀಟು ಎಳೆದರು. ಮೇಲಿಂದ ಕೆಳಗಿನವರೆಗೆ ಎರಡು ಸಲ ಎಣಿಸಿದರು. ಆಮೇಲೆ ದೊಡ್ಡ ದನಿಯಲ್ಲಿ ಹೇಳಿದರು. "ಎಂಬತ್ತು. ಸರಿಯಾಗಿದೆ. ಎಲ್ರೂ ಕೂತ್ಕೊಳ್ಳಿ."

ಎಂಬತ್ತು ಜನರ ಕೇಕೆಗೆ ತಗಡಿನ ಮಾಡು ಹಾರಿಹೋಗದೆ ಇದ್ದದ್ದೇ ಹೆಚ್ಚು. ದೊಡ್ಡ ಸಾಹೇಬರ ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಆ ಕೈಯಿಂದಲೇ ನನ್ನನ್ನು ಪಕ್ಕಕ್ಕೆ ತಳ್ಳಿ, "ಸರಿಯೋ ಆಚೆ, ರಾಜ ಕಾಣ್ತಾ ಇಲ್ಲ. ಗಾಡಿಯೋರಿಗೆ ಮನೆಗೆ ಹೋಗೋಕೆ ಹೇಳು, ಮೂಟೆಗೆ ಬೇರೆ ಜಾಗ ನೋಡಿದ್ರಾಯ್ತು," ಎಂದು ಒಳಗೆ ಹೋಗಿ ಬೆಂಚಿನ ಮೇಲೆ ಕೂತೇಬಿಟ್ಟರು. ಚಿಕ್ಕ ಸಾಹೇಬರು ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸ್ಟೇಜಿನ ಮೇಲೆ ರಾಜ ಮಾತ್ರ ಇನ್ನೂ ಕೈಕಟ್ಟಿ ನಿಂತೇ ಇದ್ದ. ರೈಟರು ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸಿದರು.

"ನೀನೂ ಕೂತ್ಕೊಳ್ಳೋ ಮಾರಾಯ, ರಾಜ್ಯ ಆಳು. ನಾಳೆಯಿಂದ ಮತ್ತೆ ಗೈರು ಬರ್ಕೋತೀನಿ."