ಪಟ್ಟದ ರಾಜನ ಪೇಟ

ಶೇಷಗಿರಿಯವರು ರಿಮೋಟನ್ನು ಪಟ್ಟದ ಗೊಂಬೆಯ ರಾಜನತ್ತ ಚಾಚಿ, ಮನೆಯವರೆಲ್ಲ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು ಗುಂಡಿ ಒತ್ತಿದರು. ಮನೆಯವರೆಲ್ಲ ಎಂದರೆ ಹೆಂಡತಿ ಕುಮುದಾ, ಸೊಸೆ ಪಲ್ಲವಿ, ಇಬ್ಬರೇ. ಗೊಂಬೆ ಮೆಟ್ಟಿಲುಗಳ ಹಿಂದಿನಿಂದ ಟೀವಿ ಮಾತಾಡತೊಡಗಿತು.

ಮೈಸೂರಿನ ಆ ಮನೆಯಲ್ಲಿ ದಸರೆ ಬಂತೆಂದರೆ ಟೀವಿಗೆ ವನವಾಸ. ಗೊಂಬೆ ಕೂರಿಸಲು ಬೇರೆ ಜಾಗವಿಲ್ಲ. ಟೀವಿ, ರೆಕಾರ್ಡಿಂಗ್ ಪೆಟ್ಟಿಗೆ ಎರಡೂ ಮೆಟ್ಟಿಲುಗಳ ಹಿಂದೆ ಅಡಗುತ್ತಿದ್ದವು, ರಿಮೋಟಿನ ಕಿರಣ ಅಲ್ಲಿಗೆ ತಲುಪುತ್ತಿರಲಿಲ್ಲ. ಈ ಸಲ ಶೇಷಗಿರಿಯವರು ರಾಜನ ಪೇಟದಲ್ಲಿ ಕಡಲೆಬೇಳೆಯಷ್ಟು ಪುಟ್ಟ ಕಣ್ಣೊಂದನ್ನು ಕೂರಿಸಿದ್ದರು. ಅದು ರಿಮೋಟಿನ ಕಾಣದ ಬೆಳಕನ್ನು ಹಿಡಿದು ತಂತಿಯ ಮೂಲಕ ಹಿಂದಿನ ಪೆಟ್ಟಿಗೆಗೆ ಮುಟ್ಟಿಸುತ್ತಿತ್ತು. ಎದುರುಗೋಡೆಯ ಪರದೆ ಹಿಂದಿನ ಸ್ಪೀಕರಿಗೆಂದು ರಾಣಿಯ ಕಿರೀಟದಲ್ಲೂ, ರಾಜ ಹಿಡಿದ ಅಪ್ಪಣೆಯನ್ನು ಅದೇ ಕಾಣದ ಬೆಳಕಿನಲ್ಲಿ ಮತ್ತೆ ಹೇಳುವ ಒಂದು ಜೋರು ದೀಪವಿತ್ತು. ಅಷ್ಟಕ್ಕೇ ನಿಲ್ಲಿಸುವ ಜೀವವೇ ಅದು? ಪೆಟ್ಟಿಗೆ ಕೇಳಿಸಿಕೊಳ್ಳದಿದ್ದರೆ ಮತ್ತೆ ಮತ್ತೆ ಹೇಳಲಿ ಎಂದು ಯಂತ್ರಕ್ಕೆ ನೆನಪನ್ನೂ ಒಂದಿಷ್ಟು ಹಟವನ್ನೂ ತುಂಬಿದ್ದರು.

ಇಷ್ಟೆಲ್ಲ ಒಂದು ಹಾಡಿಗಾಗಿ. ಕುಮುದಾ ಒಂದು ಕಾಲದಲ್ಲಿ ಬಹಳ ಚೆನ್ನಾಗಿ ಹಾಡುತ್ತಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಉಳಿದದ್ದು ಒಡೆದ ಪಿಸುದನಿ ಮಾತ್ರ. ಊರಿನ ಒಂದು ಚಾನೆಲ್ಲಿಗಾಗಿ ಹಾಡಿದ್ದ ಆರತಿ ಹಾಡು ಆ ಪೆಟ್ಟಿಗೆಯಲ್ಲಿತ್ತು, ಇನ್ನೆಲ್ಲೂ ಇರಲಿಲ್ಲ. ಹೊಸ ಸೊಸೆ ಅದನ್ನು ಕೇಳಿರಲಿಲ್ಲ. ಸಂಜೆ ಅವಳ ತಾಯಿ, ನೆರೆಹೊರೆಯವರು ಬಂದಾಗ ಗೊಂಬೆಗಳ ನಡುವಿನಿಂದ ಅತ್ತೆಯ ದನಿ ಕೇಳಬೇಕೆಂಬುದು ಏರ್ಪಾಡು. ಮೊದಲು ಒಂದು ಕಾಪಿ ಮಾಡಿಡಿ ಎಂದು ಕುಮುದಾ ಹೇಳಿದ್ದಕ್ಕೆ, ಹಬ್ಬ ಮುಗಿಯಲಿ ಎಂದಿದ್ದರು ಶೇಷಗಿರಿಯವರು.

ಯಂತ್ರದ ಮಹಿಮೆ ಪೂರ್ತಿ ತಿಳಿಯಲೆಂದು ಅವರು ಒಂದು ಗುಂಡಿಯನ್ನೂ ಬಿಡದೆ ಒತ್ತಿ ತೋರಿಸಿದರು.

"ಆ ಕೆಂಪು ಗುಂಡಿ ರೆಕಾರ್ಡಿಂಗ್‌ದಲ್ವಾ ಮಾವ?" ಎಂದಳು ಪಲ್ಲವಿ.

"ನಿಲ್ಲಿಸಿದೀನಮ್ಮ. ಎಲ್ಲಾ ಕೆಲಸ ಮಾಡುತ್ತೆ ಅಂತ ಗೊತ್ತಾಗ್ಬೇಡ್ವಾ?"

ಆಮೇಲೆ ಕುಮುದಾ ಪ್ರತಿವರ್ಷದಂತೆ ಗೊಂಬೆ ಮೆಟ್ಟಿಲುಗಳ ಕೆಳಗಿನ ಪುಟ್ಟ ಉದ್ಯಾನದಲ್ಲಿ ಕನ್ನಡಿಯಿಟ್ಟು ಕೊಳ ಮಾಡಿದರು, ಸುತ್ತ ರಾಗಿ ಪೈರು, ಮೇಲೆರಡು ಹಂಸ. ರಾಣಿಯ ದೀಪದ ಕಾಣದ ಬೆಳಕು ಯಾರಿಗೂ ತಿಳಿಯದಂತೆ ಕೊಳಕ್ಕೆ ಬಿದ್ದು ರಾಜನ ಕಣ್ಣಿಗೆ ಚಿಮ್ಮಿತು. ರಾಣಿ ಹೇಳಿದ್ದೆಲ್ಲ ರಾಜನಿಗೆ ಹೊಸ ಅಪ್ಪಣೆ, ರಾಜನ ಅಪ್ಪಣೆಯನ್ನೆಲ್ಲ ರಾಣಿ ಮತ್ತೆ ಹೇಳಿದಳು. ಟೀವಿ ವಾರ್ತೆಯಿಂದ ಕುಸ್ತಿಗೆ, ಕುಸ್ತಿಯಿಂದ ಹರಿಕಥೆಗೆ ಹಾರಿತು. ಬೆಳಕು ಕಿಟಕಿಯನ್ನೂ ದಾಟಿ ಹೋಗಿತ್ತು. ಎದುರುಮನೆಯ ಸರಳಮ್ಮ ಕಿಟಕಿಗೆ ಬಂದು, ತಮ್ಮ ಟೀವಿಯೂ ಹುಚ್ಚೆದ್ದು ಕುಣಿಯುತ್ತಿದೆಯೆಂದೂ, ಧಾರಾವಾಹಿಯಲ್ಲಿ ಕೋರ್ಟು ತೀರ್ಪು ಕೊಡುವ ಹೊತ್ತಿಗೆ ಎಮ್ಮೆ ಸಾಕಣೆ ಬಂತೆಂದೂ ದೂರಿದರು.

ಪ್ಲಗ್ ಕೀಳೋಣವೆಂದರೆ ಅದಿರುವುದು ಮೆಟ್ಟಿಲುಗಳ ಹಿಂದೆ. ಒಮ್ಮೆ ಕೂರಿಸಿದ ಗೊಂಬೆಯನ್ನು ವಿಜಯದಶಮಿಗೆ ಮುಂಚೆ ಕದಲಿಸುವ ಪದ್ಧತಿ ಆ ಮನೆಯಲ್ಲಿಲ್ಲ.

"ಮೇನ್ ಸ್ವಿಚ್ ಆರಿಸ್ರೀ," ಎಂದರು ಕುಮುದಾ.

ಶೇಷಗಿರಿಯವರು ಸ್ವಿಚ್ಚಿನವರೆಗೆ ಹೋದರು, ಕೈಯನ್ನೂ ಎತ್ತಿದರು. ಕರೆಂಟು ಹೋದರೆ ಯಂತ್ರ ಕಲಿತದ್ದೆಲ್ಲ ಮರೆಯುತ್ತಿತ್ತು. ಆ ಕೈಯನ್ನು ಅವರು ಇಳಿಸಬಾರದಿತ್ತು. ವಾಪಸು ಬಂದು ಟೀವಿಯ, ಸ್ಪೀಕರಿನ ದನಿ ಅಡಗಿಸಿ, ಎಲ್ಲ ಸರಿಹೋಯಿತು ಎಂದರು. ಮನೆ ಶಾಂತವಾಯಿತು. ಟೀವಿಯೇ ಕಾಣದಿದ್ದಾಗ ಮೆಟ್ಟಿಲುಗಳ ಹಿಂದೆ ಏನು ನಡೆಯುತ್ತಿದೆಯೆಂದು ಯಾರಿಗೆ ತಿಳಿಯಬೇಕು?

ಸಂಜೆ ಹಜಾರ ತುಂಬಿತು. ಪಲ್ಲವಿಯ ತಾಯಿ ಆರತಿ ಹಚ್ಚಿದರು. ಕುಮುದಾ ಸೆರಗು ಸರಿಮಾಡಿಕೊಂಡು ಸೊಸೆಯ ಪಕ್ಕ ನಿಂತರು. ಶೇಷಗಿರಿಯವರು ದನಿ ತೆರೆದು ಗುಂಡಿ ಒತ್ತಿದರು.

"ಈಗ ಬದನೆಕಾಯನ್ನು ಉದ್ದಕ್ಕೆ ಸೀಳಿಕೊಳ್ಳಿ," ಎಂದಿತು ಗಂಡು ದನಿ.

ಮತ್ತೆ ಒತ್ತಿದರು. ಬದನೆಕಾಯಿ ಮುಗಿದು ಎಮ್ಮೆ ಬಂತು. ಅವರಿಗೆ ಒಮ್ಮೆಲೇ ಅರ್ಥವಾಯಿತು. ಹಟದ ಯಂತ್ರ ಮಧ್ಯಾಹ್ನವಿಡೀ ಕೆಂಪು ಗುಂಡಿಯನ್ನೂ ಒತ್ತುತ್ತಲೇ ಇತ್ತು. ಪೆಟ್ಟಿಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು, ಜಾಗ ಸಾಲದೆ, ತನ್ನಲ್ಲಿದ್ದ ತೀರಾ ಹಳೆಯದನ್ನು ಅಳಿಸಿಹಾಕಿತ್ತು. ಅದೇ ಹಾಡು. ಹಚ್ಚಿದ ಆರತಿ ನಿಲ್ಲಿಸುವಂತಿಲ್ಲ. ಪಲ್ಲವಿಯ ತಾಯಿ, ಈ ಮನೆಯ ಸಂಪ್ರದಾಯವೇ ಹೀಗಿರಬೇಕೆಂದು, ಮತ್ತೆ ಶುರುವಾದ ಬದನೆಕಾಯಿಗೆ ಒಗ್ಗರಣೆ ಬೀಳುವವರೆಗೂ ಭಕ್ತಿಯಿಂದ ಬೆಳಗಿದರು.

ಬಂದವರು ಅರಿಸಿನ ಕುಂಕುಮ ತೆಗೆದುಕೊಂಡು ಹೊರಟರು. ಶೇಷಗಿರಿಯವರು ತಾವೇ ಹೋಗಿ ಮೇನ್ ಸ್ವಿಚ್ ಆರಿಸಿ ಬಂದು ಕತ್ತಲಲ್ಲಿ ಕೂತರು.

"ಹೋಗ್ಲಿ ಬಿಡಿ ಮಾವ," ಎಂದಳು ಪಲ್ಲವಿ. "ಅತ್ತೆ ದನಿ ಹೇಗಿತ್ತು ಅಂತ ನೀವೇ ಹೇಳಿ. ನೀವು ದಿನಾ ಕೇಳಿದೀರಲ್ಲ."

ಅವರು ಹೇಳಹೊರಟರು. ಇಂಪಾಗಿತ್ತು ಎಂದರು. ಆಮೇಲೆ ಬಹಳ ಹೊತ್ತು ಹುಡುಕಿದರೂ ಇನ್ನೊಂದು ಮಾತು ಸಿಗಲಿಲ್ಲ.

"ಅವರನ್ನ ಕೇಳ್ಬೇಡಮ್ಮ," ಎಂದಿತು ಕುಮುದಾರ ಪಿಸುದನಿ. "ನಾನು ಹಾಡೋವಾಗೆಲ್ಲ ಅವರು ರೇಡಿಯೋ ರಿಪೇರಿ ಮಾಡ್ತಿದ್ರು."