ಪುರಂದರನ ಹಳೇ ಕಲ್ಲು

ತಪ್ಪೆಲ್ಲ ಒಂದೇ ಒಂದು ಅಕ್ಷರದ್ದು. ತಮಿಳುನಾಡಿನ ಸಿಂಗಾನಲ್ಲೂರಿನ ಕನ್ನಡದ ಮನೆಗಳವರು ಮುತ್ತಜ್ಜನ ಕಾಲದಿಂದಲೂ ಮನೆಯೊಳಗೆ ಕನ್ನಡವನ್ನೇ ಆಡುತ್ತಾರೆ. ಆದರೆ ಕನ್ನಡ ಅಕ್ಷರ ಕಂಡರೆ ಜಿಲೇಬಿ ಕಂಡ ಹಾಗೆ ಸಂತೋಷಪಡುತ್ತಾರೆ, ಅಷ್ಟೇ, ಓದಲು ಬರುವುದಿಲ್ಲ. ಹೀಗಾಗಿ ಅವರ ವಾಟ್ಸಾಪ್ ಗುಂಪಿನಲ್ಲಿ ಕನ್ನಡ ಇಂಗ್ಲಿಷ್ ಅಕ್ಷರದ ಅಂಗಿ ತೊಟ್ಟೇ ಓಡಾಡಬೇಕು. ಆ ಅಂಗಿಯೊಳಗೆ ಇರುವುದು ಕಲ್ಲೋ ಕಳ್ಳೋ ಎಂದು ಗುರುತು ಹಿಡಿಯುವುದು ದೇವರಿಗೂ ಕಷ್ಟ.

ಪಂಪ್ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಪುರಂದರನಿಗೆ ಇದು ಹೊಳೆದಿರಲಿಲ್ಲ. ಅವನಿಗಿದ್ದದ್ದು ಒಂದೇ ಚಟ. ಭಾನುವಾರ ಬಂತೆಂದರೆ ಹತ್ತಿರದ ಯಾವುದಾದರೂ ಊರಿಗೆ ಹೋಗಿ ಪಾಳು ಮಂಟಪ, ವೀರಗಲ್ಲು ಏನಿದೆಯೋ ನೋಡಿ, ಆ ಊರಿನ ಊಟ ಉಂಡು ಸಂಜೆಗೆ ಮರಳುವುದು. ಜೊತೆಗೆ ಯಾರನ್ನು ಕರೆದರೂ ಬರುತ್ತಿರಲಿಲ್ಲ. ಹೋದ ಸಲ ವ್ಯಾನ್ ಓಡಿಸುವ ಪಳನಿಸಾಮಿಯೊಬ್ಬನೇ ಪಾಪವೆನಿಸಿ ಕಲ್ಲಿನ ಮುಂದೆ ಒಂದು ಗಳಿಗೆ ನಿಂತು, "ಗಟ್ಟಿಯಾಗಿದೆ ಸಾರ್" ಎಂದಿದ್ದ.

ಈ ಸಲ ಪುರಂದರ ಗುಂಪಿಗೆ ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಟ್ಟು ಬರೆದ: "ಭಾನುವಾರ ಹಳೇ ಕಲ್ಲು. ಅವಿನಾಶಿ ಊರಿನ ಆಚೆ, ತೋಪಿನೊಳಗೆ. ನೋಡಿದರೆ ತಲೆ ತಿರುಗುತ್ತೆ. ಒಂದು ಸಲ ರುಚಿ ಹತ್ತಿದರೆ ಬಿಡೋಕಾಗಲ್ಲ. ಊಟ ಜಾನಮ್ಮನ ಮೆಸ್ಸಲ್ಲಿ."

ಕಾಫಿ ಆರುವಷ್ಟರಲ್ಲಿ ವ್ಯಾನ್ ತುಂಬುವಷ್ಟು ಹೆಸರು ಬಂದವು. ಎಲ್ಲರೂ ಗಂಡಸರೇ ಏಕೆ ಎಂದು ಅವನು ಯೋಚಿಸಲಿಲ್ಲ. ಯೋಚಿಸಲು ಬಿಡದಂತೆ ಇನ್ನೊಂದು ಹೆಸರು ಬಂದಿತ್ತು: ಆರ್.ಎಸ್. ಪುರಂನ ಆಡಿಟರ್ ಹರಿಹರನ್. ಪುರಂದರನ ಮಗಳು ಅಭಿನಯಾಳನ್ನು ಅವರ ಮಗನಿಗೆ ತರುವ ಮಾತು ನಡೆದಿತ್ತು. ಹುಡುಗ ಹುಡುಗಿ ಒಪ್ಪಿಯಾಗಿತ್ತು. "ಮನೆತನ ಹೇಗೆ ಅಂತ ಸ್ವಲ್ಪ ನೋಡಿ ಹೇಳ್ತೀವಿ" ಎಂದು ಹರಿಹರನ್ ಒಬ್ಬರೇ ಬಾಕಿ ಇಟ್ಟಿದ್ದರು. ಅವರು ಕಾಫಿಯನ್ನೂ ಅರ್ಧ ಲೋಟಕ್ಕೆ ನಿಲ್ಲಿಸುವ ಮನುಷ್ಯ.

"ನೋಡಿ, ಇವತ್ತು ಮರ್ಯಾದೆಯಾಗಿ ಕರ್ಕೊಂಡು ಹೋಗಿ ಕರ್ಕೊಂಡು ಬನ್ನಿ. ಹುಡುಗಿ ಬಾಳು ನಿಮ್ಮ ಕೈಲಿದೆ," ಎಂದು ಹೆಂಡತಿ ರಾಧಮ್ಮ ಭಾನುವಾರ ಬೆಳಿಗ್ಗೆ ಅಂಗಿಯ ಕಾಲರ್ ಸರಿಪಡಿಸಿ ಕಳಿಸಿದಳು.

ವ್ಯಾನಿನಲ್ಲಿ ಹರಿಹರನ್ ಮುಂದಿನ ಸೀಟಿನಲ್ಲಿ ವಿದ್ಯುತ್ ಕಂಬದ ಹಾಗೆ ನೆಟ್ಟಗೆ ಕುಳಿತರು. ಪಕ್ಕದ ಮನೆಯ ಚೆನ್ನಕೇಶವನ್ ಹಿಂದಿನ ಸೀಟಿಗೆ ಬಂದು ಪುರಂದರನಿಗೆ ಒತ್ತಿ ಕುಳಿತ. ಅವನ ಚೀಲದಲ್ಲಿ ಉಪ್ಪಿನಕಾಯಿ, ಬೇಯಿಸಿದ ಕಡಲೆಕಾಯಿ, ಒಂದು ದೊಡ್ಡ ಸ್ಟೀಲ್ ಲೋಟ ಇದ್ದವು.

"ಮಾವ, ಇವತ್ತು ಬೆಳಿಗ್ಗೇದಾ, ನೆನ್ನೇದಾ?"

"ನೆನ್ನೇದು ಏನಪ್ಪ, ಎಷ್ಟೋ ನೂರು ವರ್ಷದ್ದು."

ಚೆನ್ನಕೇಶವನ್ ಚೀಲದ ಲೋಟವನ್ನೊಮ್ಮೆ ಮುಟ್ಟಿ ನೋಡಿದ. "ಅಷ್ಟು ಹಳೇದು ಹುಳಿ ಹಿಡಿದಿರಲ್ವಾ?"

"ಪಾಚಿ ಹಿಡಿದಿತ್ತು. ತೊಳೆಸಿದ್ದಾರೆ."

"ಪೊಲೀಸ್ ಬಂದ್ರೆ?"

"ಬಂದು ನೋಡ್ಕೊಂಡು ಹೋಗ್ಲಿ. ಸರಕಾರದವರೇ ಬೇಲಿ ಹಾಕಿ ಕಾಪಾಡ್ತಿದ್ದಾರೆ."

"ಸರಕಾರದವರೇ?" ಎಂದು ಚೆನ್ನಕೇಶವನ್ ಭಕ್ತಿಯಿಂದ ಹೇಳಿ, ಈ ಸುದ್ದಿಯನ್ನು ಹಿಂದಿನ ಸೀಟುಗಳಿಗೆಲ್ಲ ಹಂಚಿದ. ಗಂಡಸರು ಪುರಂದರನನ್ನು ಮಂತ್ರಿಯನ್ನು ನೋಡಿದಂತೆ ನೋಡಿದರು.

ಜಾನಮ್ಮನ ಮೆಸ್ಸಿನಲ್ಲಿ ಬಾಳೆ ಎಲೆಯ ಮೇಲೆ ಸಂದಗೈ ಬಂತು. ಸಂದಗೈ ಎಂದರೆ ಕೈಯಲ್ಲಿ ಒತ್ತಿದ ಅಕ್ಕಿ ಶ್ಯಾವಿಗೆ. ಮೇಲೆ ಬೆಲ್ಲ ಹಾಕಿದ ತೆಂಗಿನಹಾಲು. ಹರಿಹರನ್ ಸಿಹಿ ಹಾಲಿಗೆ ಕೈಹಾಕದೆ ಎಲೆಯನ್ನೇ ನೋಡುತ್ತ ಕುಳಿತದ್ದನ್ನು ಜಾನಮ್ಮ ಕಂಡರು. ಏನೂ ಕೇಳದೆ ಬೆಲ್ಲವಿಲ್ಲದ ಹಾಲನ್ನು ಬೇರೆ ಬಟ್ಟಲಲ್ಲಿ ತಂದಿಟ್ಟು, ಹುಣಸೆಯ ಗೊಜ್ಜು ಬಡಿಸಿ ಹೋದರು. ಹರಿಹರನ್ ಮುಖ ಸ್ವಲ್ಪ ಸಡಿಲವಾಯಿತು. ಪುರಂದರನ ಜೀವಕ್ಕೂ ಹಾಯೆನಿಸಿತು.

ಆ ಹಾಯಿ ಕೈ ತೊಳೆಯುವವರೆಗೂ ಉಳಿಯಲಿಲ್ಲ.

"ಹೊಟ್ಟೆ ಜಾಸ್ತಿ ತುಂಬಿಸ್ಬೇಡಿ ಮಾವ," ಚೆನ್ನಕೇಶವನ್ ನಲ್ಲಿಯ ಹತ್ತಿರ ಪಿಸುಗುಟ್ಟಿದ. "ಕಳ್ಳಿಗೆ ಜಾಗ ಬೇಕಲ್ಲ."

ಬಾಯಿಂದ ಬಂದ ಮಾತಿಗೆ ಇಂಗ್ಲಿಷ್ ಅಂಗಿ ಇಲ್ಲ. ಆ 'ಳ'ಕಾರ ಪುರಂದರನ ಕಿವಿಗೆ ಸುತ್ತಿಗೆಯ ಹಾಗೆ ಬಿತ್ತು. ಹುಳಿ, ಪೊಲೀಸು, ಸರಕಾರ, ಸ್ಟೀಲ್ ಲೋಟ ಎಲ್ಲ ಒಟ್ಟಿಗೆ ಅರ್ಥವಾದವು. ತಮಿಳುನಾಡಿನಲ್ಲಿ ಕಳ್ಳು ಇಳಿಸುವ ಹಾಗೇ ಇಲ್ಲ. ಅಂಥದ್ದನ್ನು ಕುಡಿಸಲು ಒಂದು ವ್ಯಾನ್ ಜನರನ್ನು ತಂದಿದ್ದೇನೆ ಎಂದು ಹರಿಹರನ್ ಕಿವಿಗೆ ಬಿದ್ದರೆ ಅಭಿನಯಾಳ ಮದುವೆ ಇಲ್ಲಿಗೇ ಮುಗಿಯಿತು. ಇದು ಬರೀ ಕಲ್ಲು ಎಂದರೆ ಇವರು ಎಬ್ಬಿಸುವ ಗಲಾಟೆಯಲ್ಲೂ ಮುಗಿಯಿತು.

ತೋಪಿನ ಅಂಚಿನಲ್ಲಿ ವೀರಗಲ್ಲು ನಿಂತಿತ್ತು. ಕತ್ತಿ ಹಿಡಿದ ವೀರ, ಪಕ್ಕದಲ್ಲೊಂದು ಹಸು. ಗಂಡಸರು ಕಲ್ಲಿನ ಸುತ್ತ ಬಂದರು, ಹಿಂದೆ ಇಣುಕಿದರು, ಬುಡದಲ್ಲಿ ಮಡಕೆ ಇದೆಯೇ ಎಂದು ಬಗ್ಗಿ ನೋಡಿದರು.

"ಎಲ್ಲಿ ಮಾವ?"

"ಬರುತ್ತೆ ಇರಿ," ಎಂದು ಪುರಂದರ ತಾಳೆಮರಗಳ ಕಡೆ ಓಡಿದ.

ಅಲ್ಲಿ ಕರುಪ್ಪಸಾಮಿ ಎಂಬವರು ಸುಣ್ಣ ಬಳಿದ ಮಡಕೆಗಳಲ್ಲಿ ಪದನೀರು ಇಳಿಸಿ ಇಟ್ಟಿದ್ದರು. ಹುಳಿಯೇರದ, ಅಮಲಿಲ್ಲದ ತಾಳೆಯ ರಸ ಅದು, ಹಸುಗೂಸಿಗೂ ಕುಡಿಸಬಹುದು. ಪುರಂದರ ಏದುಸಿರಿನಲ್ಲಿ ತಮಿಳಿನಲ್ಲಿ ತನ್ನ ಸಂಕಟವನ್ನೆಲ್ಲ ತೋಡಿಕೊಂಡು, "ಅಣ್ಣಾ, ಎಲ್ಲರಿಗೂ ಕೊಡಿ. ಇದರ ಹೆಸರು ಮಾತ್ರ ಹೇಳಬೇಡಿ," ಎಂದ.

ಕರುಪ್ಪಸಾಮಿ ಅವನ ಬೆವರನ್ನು ನೋಡಿದರು. "ಮಗಳ ಮದುವೆ ಅಂತೀರಿ. ನಾನು ಯಾಕೆ ಬಾಯಿ ಬಿಡ್ಲಿ," ಎಂದು ಮೊದಲು ಅವನನ್ನು ಕೂರಿಸಿ ಒಂದು ಓಲೆದೊನ್ನೆ ತುಂಬಿಸಿ ಕೊಟ್ಟರು. ಆಮೇಲೆ ಮನೆಗೆಂದು ತೆಗೆದಿಟ್ಟಿದ್ದ ಮಡಕೆಯನ್ನೂ ಹೊತ್ತುಕೊಂಡು ಬಂದರು.

ಎಲ್ಲರೂ ಕುಡಿದರು. ಮೊದಲ ದೊನ್ನೆಗೆ, "ಸಿಹಿಯಾಗಿದೆಯಲ್ಲ," ಎಂದರು. "ಹಳೇದು ಹಾಗೇ ಇರುತ್ತೆ," ಎಂದ ಚೆನ್ನಕೇಶವನ್, ತಿಳಿದವನ ಹಾಗೆ. ಎರಡನೆಯದಕ್ಕೆ ಒಬ್ಬ ಹಾಡಿದ, ಒಬ್ಬ ಅಂಗಿ ಬಿಚ್ಚಿ ಮತ್ತೆ ಉಲ್ಟಾ ತೊಟ್ಟುಕೊಂಡ. ಚೆನ್ನಕೇಶವನ್ ವೀರಗಲ್ಲನ್ನು ತಬ್ಬಿಕೊಂಡು, "ಹಸು ಕಾಯೋಕೆ ಹೋಗಿ ಪ್ರಾಣ ಬಿಟ್ಯಲ್ಲ ಅಣ್ಣ. ನಾವೆಲ್ಲ ಏನು ಮಾಡಿದ್ವಿ," ಎಂದು ಗಳಗಳನೆ ಅತ್ತ.

ಪುರಂದರ ಹರಿಹರನ್‌ರನ್ನು ಹುಡುಕಿದ. ಅವರು ಒಂದು ತಾಳೆಮರದ ಹಿಂದೆ ಕಣ್ಣು ಮುಚ್ಚಿ ಒರಗಿದ್ದರು. ಕಾಲ ಬಳಿ ಬರಿದಾದ ಮೂರು ದೊನ್ನೆಗಳು.

"ಸಂಬಂಧಿಗಳೇ," ಎಂದರು. ಅವರ ಬಾಯಲ್ಲಿ ಬೀಗತನದ ಆ ಮಾತು ಬಂದದ್ದು ಅದೇ ಮೊದಲು. "ಮೆಸೇಜ್ ನೋಡ್ದೆ, ತಡ್ಕೊಳೋಕಾಗ್ಲಿಲ್ಲ. ಕಾಲೇಜಲ್ಲಿ ಒಂದು ಸಲ ಕುಡಿದಿದ್ದೆ. ಭೂಮಿ ತಿರುಗ್ತಿದೆ. ನಿಮ್ಮ ಅಭಿನಯಾನೇ ನಮ್ಮ ಮನೆ ಸೊಸೆ. ಆಯ್ತಾ?"

ಇದು ಬರೀ ಸಿಹಿನೀರು ಎಂಬ ಮಾತು ಪುರಂದರನ ತುಟಿಯವರೆಗೆ ಬಂತು. ಆದರೆ ಅಷ್ಟು ಸುಖವಾಗಿ ಒರಗಿದ್ದ ಮನುಷ್ಯನನ್ನು ನಾಚಿಸಲು ಅವನಿಗೆ ಮನಸ್ಸಾಗಲಿಲ್ಲ. "ಆಯ್ತು," ಎಂದ.

ಮರಳುವಾಗ ಸಿಂಗಾನಲ್ಲೂರು ಕೆರೆ ಕಂಡೊಡನೆ ವ್ಯಾನಿನಲ್ಲಿ ಹಾಡು ನಿಂತು ಏಲಕ್ಕಿ ಹಂಚಿಕೆಯಾಯಿತು. ಹರಿಹರನ್ ಪುರಂದರನ ಕೈ ಹಿಡಿದರು.

"ಮನೇಲಿ ಕೇಳಿದ್ರೆ ಏನ್ರೀ ಹೇಳ್ಲಿ? ನನ್ನ ಮುಖ ನೋಡಿದ್ರೇ ಅವಳಿಗೆ ಗೊತ್ತಾಗುತ್ತೆ."

"ನನ್ನ ಮೇಲೆ ಹಾಕಿ," ಎಂದ ಪುರಂದರ, ಸಂತೋಷದ ಭರದಲ್ಲಿ.

ಎಲ್ಲರನ್ನೂ ಇಳಿಸಿ, ಹರಿಹರನ್ ಅವರನ್ನು ಆರ್.ಎಸ್. ಪುರಂನಲ್ಲಿ ಬಿಟ್ಟು ಅವನು ಮನೆಗೆ ಬಂದಾಗ ರಾಧಮ್ಮ ಬಾಗಿಲಲ್ಲೇ ನಿಂತಿದ್ದಳು. "ಊದಿ," ಎಂದಳು. ಊದಿದ. "ಪದನೀರು. ನಂಗೊತ್ತಿತ್ತು. ಒಳಗೆ ಬನ್ನಿ. ಹರಿಹರನ್ ಅವರ ಹೆಂಡತಿ ಫೋನ್ ಮಾಡಿದ್ರು. ಹುಡುಗಿ ಒಪ್ಪಿಗೆಯಂತೆ."

ಪುರಂದರ ಹೊಸ್ತಿಲ ಮೇಲೇ ಕುಳಿತುಬಿಟ್ಟ. ಬೆಳಗಿನಿಂದ ಎದೆಯ ಮೇಲಿದ್ದ ರುಬ್ಬುಗುಂಡು ಉರುಳಿ ಹೋಯಿತು. ಒಳಗೆ ಅಭಿನಯಾ ಯಾರ ಜೊತೆಗೋ ಫೋನಿನಲ್ಲಿ ಮೆಲ್ಲಗೆ ನಗುತ್ತಿದ್ದಳು.

"ಆದ್ರೆ ಹುಡುಗಿ ಅಪ್ಪ ಕುಡಿಯೋದು ಬಿಡಬೇಕಂತೆ," ರಾಧಮ್ಮ ಮುಂದುವರಿಸಿದಳು. "ಅವರ ಯಜಮಾನ್ರನ್ನ ಮರಕ್ಕೆ ಒರಗಿಸಿ ಬಲವಂತವಾಗಿ ಕುಡಿಸಿದ್ರಂತಲ್ಲ ನೀವು. ಪೇರೂರು ದೇವಸ್ಥಾನದಲ್ಲಿ ಪ್ರಮಾಣ ಮಾಡ್ಬೇಕಂತೆ."

ಪುರಂದರ ನಕ್ಕ. ಹುಟ್ಟಿದಾಗಿನಿಂದ ಮುಟ್ಟದ್ದನ್ನು ಬಿಡುವುದಕ್ಕಿಂತ ಸುಲಭ ಯಾವುದಿದೆ? "ಅಷ್ಟೇ ತಾನೆ? ಇವತ್ತೇ ಬಿಟ್ಟೆ."

"ಅಷ್ಟೇ ಅಲ್ಲ. ನಮ್ಮವರು ಹೋಗೋದು ಕಳ್ಳಿಗಲ್ಲ, ಕಲ್ಲಿಗೆ ಅಂತ ನಾನು ಎಷ್ಟೋ ಹೇಳ್ದೆ. 'ಮೆಸೇಜಲ್ಲಿ ಎರಡೂ ಒಂದೇ ಥರ ಇದೆ. ಯಾವ ಭಾನುವಾರ ಯಾವುದಕ್ಕೆ ಹೋದ್ರು ಅಂತ ನಾನು ಹೆಂಗೆ ಕಂಡುಹಿಡೀಲಿ? ಎರಡನ್ನೂ ಬಿಟ್ಟುಬಿಡ್ಲಿ' ಅಂದ್ರು. ಸರಿ ಅಂದೆ."

ಅಷ್ಟರಲ್ಲಿ ಪುರಂದರನ ಫೋನ್ ಅರಚಿತು. ಚೆನ್ನಕೇಶವನ್.

"ಮಾವ, ಆ ಹಸು ಕಾದ ಅಣ್ಣ ಕಣ್ಣ ಮುಂದೇನೇ ಇದ್ದಾನೆ. ಮುಂದಿನ ಭಾನುವಾರ ಇನ್ನೊಂದು ಕಲ್ಲು ತೋರಿಸ್ತೀರಾ? ಕಳ್ಳು ಇಲ್ದಿದ್ರೂ ಪರವಾಯಿಲ್ಲ. ನಾವೆಲ್ಲ ಬರ್ತೀವಿ."

ಪುರಂದರ ಹೆಂಡತಿಯ ಮುಖ ನೋಡಿದ. ಒಳಗೆ ಮಗಳು ಇನ್ನೂ ನಗುತ್ತಿದ್ದಳು.

"ಬಿಟ್ಟುಬಿಟ್ಟೆ ಕಣಪ್ಪ," ಎಂದ.

"ಯಾವುದನ್ನ ಮಾವ?"

"ಎರಡನ್ನೂ."