ಬೀಗರಾಗಬೇಕಾದವರನ್ನು ಗೋಳಗುಮ್ಮಟ ಹತ್ತಿಸಿದ್ದು

ಊರು ತೋರಿಸುವ ಕಲೆ ಎಲ್ಲರಿಗೂ ಬರುವುದಿಲ್ಲ. ನನಗೆ ಬರುತ್ತದೆ ಎಂದು ತಿಳಿದಿದ್ದೆ!

ಬಿಜಾಪುರ ಇನ್ನೂ ವಿಜಯಪುರ ಆಗಿರದ ಕಾಲದ ಮಾತು. ಆಗ ನಾನು ಜಮಖಂಡಿಯ ಒಂದು ಸೊಸೈಟಿಯಲ್ಲಿ ಕಾರಕೂನ. ನನ್ನ ತಂಗಿ ಸರೋಜಾಳನ್ನು ನೋಡಲು ಕೊಪ್ಪಳದ ಕಡೆಯಿಂದ ಗಂಡಿನವರು ಬಂದಿದ್ದರು. ಮುಧೋಳದ ಸಾಲೆಯಲ್ಲಿ ಟೀಚರ್ ಆಗಿದ್ದ ಸರೋಜಾ ಅದುವರೆಗೆ ಬಂದ ಗಂಡುಗಳನ್ನೆಲ್ಲ ಏನಾದರೊಂದು ತಪ್ಪು ತೆಗೆದು ನಪಾಸು ಮಾಡಿದ್ದಳು. ಇವನ ಮುಂದೆ ಮಾತ್ರ ಅವಲಕ್ಕಿ ತಾಟು ಹಿಡಿದು ನಿಂತವಳು ಒಳಗೆ ಹೋಗುವುದನ್ನೇ ಮರೆತಳು. ಹುಡುಗನಿಗೆ ರಜೆ ಇರಲಿಲ್ಲ, ಅಂದೇ ಸಂಜೆ ಬಸ್ಸು ಹತ್ತಿದ. ತಂದೆ-ತಾಯಿ ಉಳಿದರು. ತೀರ್ಮಾನ ಅವರದು.

"ಅಮಾಸಿ ನಾಳೆ ಹತ್ತಿ ನಾಡದು ಇಳೀತೈತ್ರಿ," ಎಂದರು ತಾಯಿ. "ಅಮಾಸ್ಯಾಗ ಹೌದು ಅನಬಾರ್ದು, ಅಲ್ಲ ಅನಬಾರ್ದು, ಊರಿಗೂ ಹೊಂಡಬಾರ್ದು. ಇಳಿದ ಮ್ಯಾಲೆ ಹೇಳ್ತೇವಿ."

"ಹೂಂ," ಎಂದರು ತಂದೆ. ನೀರಾವರಿ ಇಲಾಖೆಯಿಂದ ನಿವೃತ್ತರಾದ ಅವರು ಮಾತನ್ನೂ ಕಾಲುವೆ ನೀರಿನಂತೆ ಪಾಳಿಯ ಮೇಲೆ ಬಿಡುತ್ತಿದ್ದರು. ನಮ್ಮ ಪಾಳಿ ಇನ್ನೂ ಬಂದಿರಲಿಲ್ಲ.

ಹೀಗೆ ಎರಡು ದಿನ ನಮ್ಮ ಕೈಗೆ ಬಿದ್ದವು. "ಮನ್ಯಾಗ ಆರಾಮ ಇರ್ಲಿ ಬಿಡ್ರಿ, ಹೋಳಿಗಿ ಮಾಡ್ತೇನಿ," ಎಂದಳು ನನ್ನ ಹೆಂಡತಿ ಗಿರಿಜಾ. ಸರೋಜಾ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೇನಿ. ಎರಡ ದಿನ ಸುಮ್ಮ ಕುಂದ್ರು. ಈ ಸಂಬಂಧ ತಪ್ಪಬಾರ್ದು ನೋಡು."

ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕರುಳು ಚುರ್ ಎಂದಿತು. ಇಂಥ ತಂಗಿಗಾಗಿ ಅಣ್ಣನಾದವನು ಸುಮ್ಮನೆ ಕೂಡ್ರುವುದೇ? ಸಾಧ್ಯವೇ ಇಲ್ಲ!

ಮೊದಲ ದಿನ ರಾಮತೀರ್ಥದ ಗುಡ್ಡಕ್ಕೆ ಕರೆದೊಯ್ದು, ಅರಮನೆಯನ್ನು ಹೊರಗಿನಿಂದ ತೋರಿಸಿ, ಸಂಸ್ಥಾನದ ಇತಿಹಾಸವನ್ನು ನನಗೆ ತಿಳಿದಷ್ಟು ಹೇಳಿ, ತಿಳಿಯದ್ದನ್ನು ಅದಕ್ಕಿಂತ ವಿಸ್ತಾರವಾಗಿ ಹೇಳಿದೆ. ಅಷ್ಟಕ್ಕೇ ಮನೆಗೆ ಬಂದಿದ್ದರೆ ನಾನು ಗೆದ್ದಿದ್ದೆ. ಆದರೆ ಹೊತ್ತು ಉಳಿದಿತ್ತು. ಮಹಾಲಿಂಗಪುರದ ಕಡೆ ಗೆಳೆಯನೊಬ್ಬನ ಗಾಣವಿತ್ತು. ಅಲ್ಲಿಗೆ ಕರೆದೊಯ್ದು ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಸಿ ತಾಯಿಯವರ ಕೈಗೆ ಕೊಟ್ಟೆ.

"ಒಲ್ಲೆರಿ."

ನಮ್ಮ ಕಡೆ ಒಲ್ಲೆ ಎಂದರೆ ಇನ್ನಷ್ಟು ಹಾಕಿ ಎಂದರ್ಥ. ಹಾಕಿಸಿದೆ! "ಬಾಯಿ ಸೀ ಮಾಡ್ಕೊರಿ ಅಕ್ಕಾರ, ಶಕುನ ಛಲೋ ಅಕ್ಕೈತಿ," ಎಂದು ದುಂಬಾಲು ಬಿದ್ದೆ. ಪಾಪ, ಮರ್ಯಾದೆಗೆ ಅಂಜಿ ಅಷ್ಟನ್ನೂ ತಿಂದರು. ಆಗ ತಂದೆಯವರು ಆ ದಿನದ ಮೊದಲ ವಾಕ್ಯ ನುಡಿದರು.

"ಆಕೀಗೆ ಸಕ್ಕರಿ ಬ್ಯಾನಿ ಐತ್ರಿ."

ತಾಯಿಯವರು ಬೇವಿನ ಗಿಡದ ಕೆಳಗೆ ತಲೆ ಹಿಡಿದು ಕುಳಿತರು. ಗಿರಿಜಾ ಗಾಳಿ ಬೀಸುತ್ತ ನನ್ನನ್ನು ನೋಡಿದ ನೋಟಕ್ಕೆ ಗಾಣದ ಒಲೆಯೇ ತಂಪು ಎನಿಸಿತು. ತಲೆಸುತ್ತು ನಿಲ್ಲುವವರೆಗೆ ನನ್ನ ಜೀವ ಜೀವದಲ್ಲಿರಲಿಲ್ಲ.

ಮಾರನೆಯ ಬೆಳಿಗ್ಗೆ ಮನೆಯ ಮುಂದೆ ಬಾಡಿಗೆ ಜೀಪು ತಂದು ನಿಲ್ಲಿಸಿದೆ.

"ಇವತ್ತರ ಬಿಡ್ರಿ!" ಎಂದಳು ಗಿರಿಜಾ.

"ನಿನ್ನಿದು ಮರೀಬೇಕಂದ್ರ ಗೋಳಗುಮ್ಮಟಾನ ಬೇಕು," ಎಂದೆ. ಊರಿಗೆ ಹೋಗಬಾರದು ಎಂದಿದ್ದರೇ ಹೊರತು ತಿರುಗಾಡಬಾರದು ಎಂದಿರಲಿಲ್ಲ. ಈ ಶಾಸ್ತ್ರ ನನ್ನ ಸ್ವಂತದ್ದು.

ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ, ಅವುಗಳ ಟೇಪಿನ ಹಾಡು ಕೇಳುತ್ತ ಬಿಜಾಪುರ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ತಂದೆಯವರಿಗೆ ಮೊಳಕಾಲು ನೋವು ಎಂಬುದು ಗುಮ್ಮಟದ ಮೆಟ್ಟಿಲು ಅರ್ಧ ಹತ್ತಿದ ಮೇಲೆ ತಿಳಿಯಿತು. ಇಳಿಯೋಣ ಎಂದರೆ ಕೆಳಗಿನಿಂದ ಸಾಲೆ ಹುಡುಗರ ಸೈನ್ಯ ಏರಿ ಬರುತ್ತಿತ್ತು. ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಹಿಂದಕ್ಕೆ ದಾರಿಯಿಲ್ಲ! "ಇನ್ನ ನಾಕ ಮೆಟ್ಟಲರಿ," ಎಂದು ಪ್ರತಿ ತಿರುವಿನಲ್ಲೂ ಸುಳ್ಳು ಹೇಳಿ, ಹಿಂದಿನಿಂದ ನೂಕಿ, ಅಂತೂ ಮೇಲೆ ತಲುಪಿಸಿದೆ. ಅವರು ಗೋಡೆಗೆ ಒರಗಿ ಕುಳಿತರು. "ಹೂಂ" ಕೂಡ ಬರಲಿಲ್ಲ.

ಹುಡುಗರು ಕೂಗಿ ಕೂಗಿ ದಣಿದು ಇಳಿದು ಹೋದರು. ಅಲ್ಲಿಯ ಚಮತ್ಕಾರ ಗೊತ್ತಲ್ಲ? ಗೋಡೆಯ ಬಳಿ ಪಿಸುಗುಟ್ಟಿದರೆ ಆಚೆ ಬದಿಯ ಗೋಡೆಗೆ ಕಿವಿ ಹಚ್ಚಿದವರಿಗೆ ಕೇಳುತ್ತದೆ. ಜೋರಾಗಿ ಅಂದರೆ ಗುಮ್ಮಟವೇ ಅದನ್ನು ಮತ್ತೆ ಮತ್ತೆ ಅನ್ನುತ್ತದೆ. ಇದನ್ನು ಬೀಗರಿಗೆ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಒಂದು ಯುಕ್ತಿ ಹೊಳೆದಿತ್ತು!

"ನೀವು ಇಲ್ಲೇ ದಣಿವಾರಿಸ್ಕೊರ್ರಿ, ನಾವು ಒಂದ ಸುತ್ತ ಹಾಕಿ ಬರ್ತೇವಿ," ಎಂದು ಗಿರಿಜಾಳ ಕೈ ಹಿಡಿದು ಎದುರು ಬದಿಗೆ ಹೋದೆ.

"ಏನ್ ನಡಸೀರಿ ನೀವು?" ಎಂದಳು.

ತುಟಿಯ ಮೇಲೆ ಬೆರಳಿಟ್ಟು ಗೋಡೆಗೆ ಕಿವಿ ಹಚ್ಚಿದೆ. ಮೊದಲು ನಿಟ್ಟುಸಿರು ಕೇಳಿಸಿತು. ನಂತರ ತಾಯಿಯವರ ದನಿ, ಕಿವಿಯಲ್ಲೇ ಹೇಳಿದಂತೆ.

"ಹುಡುಗಿ ಭಾಳ ಛಲೋ ಅದಾಳ್ರಿ. ಆದ್ರ..."

"ಶ್! ಅಮಾಸಿ ಇನ್ನೂ ಇಳಿದಿಲ್ಲ," ಎಂದರು ತಂದೆ.

ಅಲ್ಲಿಗೆ ಮಾತು ನಿಂತಿತು. ಆದ್ರ! ಆದ್ರ ಏನು? ಬಣ್ಣವೇ? ನೌಕರಿಯೇ? ನಿನ್ನೆಯ ಬೆಲ್ಲವೇ? ಸರೋಜಾಳ ಮುಖ ಕಣ್ಣ ಮುಂದೆ ಬಂತು. ನನ್ನಿಂದ ತಡೆಯಲಾಗಲಿಲ್ಲ.

"ಆದ್ರ ಏನ್ರೀ?!"

ಮನಸ್ಸಿನಲ್ಲಿ ಅಂದುಕೊಂಡಿದ್ದೆ ಎಂದೇ ನಾನು ಇಂದಿಗೂ ವಾದಿಸುತ್ತೇನೆ. ಗುಮ್ಮಟ ಒಪ್ಪಲಿಲ್ಲ. "ಆದ್ರ ಏನ್ರೀ... ಆದ್ರ ಏನ್ರೀ... ಏನ್ರೀ..." ಎಂದು ಅಮಾವಾಸ್ಯೆಯಲ್ಲಿ ಒಮ್ಮೆಯೂ ಕೇಳಬಾರದ ಪ್ರಶ್ನೆಯನ್ನು ಸುತ್ತಲಿನಿಂದ ಕೇಳುತ್ತಲೇ ಹೋಯಿತು. ಕೆಳಗೆ ನಿಂತಿದ್ದ ಪ್ರವಾಸಿಗಳು ತಲೆಯೆತ್ತಿ ನೋಡಿದರು. ಗಿರಿಜಾ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಸದ್ದು ಅಡಗಿದ ಮೇಲೆ ಗೋಡೆಯೊಳಗಿಂದ ತಂದೆಯವರ ದನಿ ನಿಧಾನವಾಗಿ ಬಂತು.

"ತಮ್ಮಾ, ನಾ ಈ ಊರಾಗ ಹತ್ತ ವರ್ಷ ನೌಕರಿ ಮಾಡೇನಿ. ಬಂದ ನೆಂಟರಿಗೆಲ್ಲಾ ಈ ಗುಮ್ಮಟಾ ತೋರಿಸಿ ತೋರಿಸೇ ನನ್ನ ಮೊಳಕಾಲ ಹೋದೂವು. ನೀ ಒಂದ ಮಾತು ಕೇಳಿದ್ರ ಮನ್ಯಾಗ ಹೇಳ್ತಿದ್ನಿ."

ಎರಡು ದಿನ ನಾನು ಎಷ್ಟೊಂದು ಹೇಳಿದ್ದೆ! ಕೇಳಿದ್ದು ಮಾತ್ರ ಏನೂ ಇರಲಿಲ್ಲ. ಮರಳುವ ದಾರಿಯುದ್ದಕ್ಕೂ ತಂಗಿಯ ಬಾಳಿಗೆ ನನ್ನ ಕೈಯಾರೆ ಕಲ್ಲು ಹಾಕಿದೆನಲ್ಲ ಎಂದು ಹಳಹಳಿಸಿದೆ. ಸುದ್ದಿ ಗಿರಿಜಾಳಿಂದ ಸರೋಜಾಗೆ ಮುಟ್ಟಿತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮುಂದೆ ಚಹಾ ಇಟ್ಟು ಸುಮ್ಮನೆ ಒಳಗೆ ಹೋದಳು.

ಬೆಳಗಾಯಿತು. ಅಮಾವಾಸ್ಯೆ ಇಳಿದಿತ್ತು. ತಂದೆಯವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಗಂಟಲು ಸರಿಮಾಡಿಕೊಂಡರು. ಬಾಗಿಲ ಮರೆಯಲ್ಲಿ ಸರೋಜಾಳ ಬಳೆಗಳು ಉಸಿರು ಬಿಗಿಹಿಡಿದವು.

"ಹುಡುಗಿ ನಮಗ ಒಪ್ಪಿಗಿ. ನೋಡಿದ ದಿನಾನ ಒಪ್ಪಿಗಿ ಆಗಿತ್ತು."

ನನಗೆ ಅಳು ಬಂತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. "ಮತ್ತ ಆ 'ಆದ್ರ' ಅಂದದ್ದು ಏನ್ರಿ ಅಕ್ಕಾರ?"

ತಾಯಿಯವರು ನಕ್ಕರು. "ಅದು ಹುಡುಗಿದಲ್ಲಪಾ. ಹುಡುಗಿ ಇಷ್ಟ ಛಲೋ ಅದಾಳ, ಆದ್ರ ಆಕಿ ಅಣ್ಣ ಯಾಕ ಹಿಂಗ ಅದಾನ ಅಂತ ಕೇಳಾಕತ್ತಿದ್ನಿ!"

ಒಳಗಿನಿಂದ ಎಲ್ಲರಿಗಿಂತ ಜೋರಾಗಿ ನಕ್ಕವಳು ಸರೋಜಾ.

ಮದುವೆಯ ದಿನ ಬೀಗರ ಕಡೆಯ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಎರಡ ದಿನಾ ಉಳ್ಕೊಳ್ಳೂದೈತಿ. ಇಲ್ಲಿ ನೋಡೂವಂಥಾದ್ದು ಏನೈತ್ರಿ?" ಎಂದು ಕೇಳಿದರು. ಅಕ್ಷತೆ ಬೀಳುತ್ತಿತ್ತು, ವಾದ್ಯ ಜೋರಾಗಿತ್ತು. ಆದರೂ ಮಂಟಪದಲ್ಲಿದ್ದ ಸರೋಜಾ ಬಾಸಿಂಗ ಸರಿಸಿ ನನ್ನತ್ತ ತಿರುಗಿ ನೋಡಿದಳು.

"ಏನೂ ಇಲ್ರಿ," ಎಂದೆ.